ಸರ್ಕಾರ ಬದಲಾದರೆ ನಮ್ಮ ಹಾರ್ಮೋನ್ ಚಿಕಿತ್ಸೆ ಏನಾಗುತ್ತದೆ? ಮತ ಹಾಕುವ ಮುಂಚೆ ಏನು ನೋಡಬೇಕು?

ಮುಂಜಾವು

ಎಲ್ಲರಿಗೂ ನಮಸ್ಕಾರ. ನಾನು ಟ್ರಾನ್ಸ್ ಮಹಿಳೆ. ಸರ್ಕಾರಿ ಆಸ್ಪತ್ರೆಯ ಎಂಡೋಕ್ರೈನಾಲಜಿ (ಹಾರ್ಮೋನ್ ಕಾಯಿಲೆಗಳ ವಿಭಾಗ) ಒಪಿಡಿಯಲ್ಲಿ ವರ್ಷಗಳಿಂದ ಎಸ್ಟ್ರಡೈಯಾಲ್ ಎಂಬ ಹೆಣ್ಣು ಹಾರ್ಮೋನ್ ತೆಗೆದುಕೊಳ್ಳುತ್ತಿದ್ದೇನೆ. ವೃಷಣ ತೆಗೆಯುವ ಸರ್ಜರಿ ಆಗಿದೆ. ಹಾಗಾಗಿ ಮಾತ್ರೆ ನಿಂತರೆ ನನ್ನ ದೇಹ ಹಳೆಯ ಸ್ಥಿತಿಗೂ ಮರಳುವುದಿಲ್ಲ, ಈಗಿನ ಸ್ಥಿತಿಯಲ್ಲೂ ಉಳಿಯುವುದಿಲ್ಲ. "ಸ್ವಲ್ಪ ದಿನ ಬಿಟ್ಟರೆ ಏನಾಗುತ್ತೆ" ಎಂದು ಕೇಳುವವರು ಇರುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಚುನಾವಣೆ ಹತ್ತಿರ ಬರುತ್ತಿದೆ. ನನ್ನ ಭಯಕ್ಕೆ ಕಾರಣ ಹಿಂದಿನ ಸಲ ಕಂಡದ್ದು. ನಾನು ಹೋಗುವ ಆಸ್ಪತ್ರೆಯಲ್ಲಿ ವಾರಕ್ಕೊಂದು ಮಧ್ಯಾಹ್ನ ನಮಗೆಂದೇ ಕ್ಲಿನಿಕ್ ನಡೆಯುತ್ತಿತ್ತು. ಒಬ್ಬ ವೈದ್ಯರು, ಒಬ್ಬ ಆಪ್ತಸಮಾಲೋಚಕಿ. ಚೀಟಿಯಲ್ಲಿ ಹಳೆಯ ಹೆಸರಿದ್ದರೂ ನಾವು ಹೇಳಿದ ಹೆಸರನ್ನೇ ಕೂಗುತ್ತಿದ್ದ ಸಿಬ್ಬಂದಿ. ಆ ಒಂದು ಕಾರಣಕ್ಕೇ ಎಷ್ಟೋ ಜನ ಧೈರ್ಯ ಮಾಡಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಸರ್ಕಾರ ಬದಲಾಯಿತು. ಕ್ಲಿನಿಕ್ ಮುಚ್ಚುತ್ತೇವೆ ಎಂದು ಯಾರೂ ಹೇಳಲಿಲ್ಲ. ವೈದ್ಯರಿಗೆ ವರ್ಗಾವಣೆ ಆಯಿತು, ಸಮಾಲೋಚಕಿಯ ಗುತ್ತಿಗೆ ನವೀಕರಣ ಆಗಲಿಲ್ಲ. ಬಾಗಿಲ ಮೇಲೆ ಬೋರ್ಡ್ ಇತ್ತು, ಒಳಗೆ ಯಾರೂ ಇರಲಿಲ್ಲ. ವಿಚಾರಿಸಿದರೆ "ಇನ್ನೂ ಆದೇಶ ಬಂದಿಲ್ಲ" ಅಂದರು. ಯಾವ ಆದೇಶ? ನಡೆಸುವುದಕ್ಕೋ, ಮುಚ್ಚುವುದಕ್ಕೋ? ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಸಾಮಾನ್ಯ ಒಪಿಡಿಯ ಒಬ್ಬ ವೈದ್ಯೆ ನನ್ನ ಫೈಲ್ ಪೂರ್ತಿ ಓದಿ ಚಿಕಿತ್ಸೆ ಮುಂದುವರಿಸಿದರು. ಇವತ್ತಿಗೂ ಅವರೇ ನೋಡುತ್ತಿದ್ದಾರೆ. ಆದರೆ ನನ್ನ ಜೊತೆ ಬರುತ್ತಿದ್ದ ಕೆಲವರು ಆ ನಡುವೆ ಆಸ್ಪತ್ರೆಯನ್ನೇ ಬಿಟ್ಟರು. ಅವರಲ್ಲೊಬ್ಬಳು ಈಗ ಯಾರೋ ಹೇಳಿಕೊಟ್ಟ ಲೆಕ್ಕದಲ್ಲಿ ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಮಾತ್ರೆ ತಂದು ನುಂಗುತ್ತಿದ್ದಾಳೆ. ನನಗಿಂತ ಚಿಕ್ಕವಳು. ಅವಳನ್ನು ನೆನೆದರೆ ನಿದ್ದೆ ಬರುವುದಿಲ್ಲ.

ಕೇಳಬೇಕಾದ್ದು ಇಷ್ಟು. ಒಬ್ಬ ಗೆಳೆಯ "ಸುಪ್ರೀಂ ಕೋರ್ಟ್ ತೀರ್ಪು ಇದೆ, ಕಾಯ್ದೆ ಇದೆ, ಯಾವ ಪಕ್ಷ ಬಂದರೂ ಮುಟ್ಟೋಕಾಗಲ್ಲ" ಅನ್ನುತ್ತಾನೆ. ಇನ್ನೊಬ್ಬರು ಅಮೆರಿಕದ ಸುದ್ದಿ ತೋರಿಸಿ "ಒಂದೇ ಸಹಿಗೆ ಎಲ್ಲ ಹೋಯ್ತು ನೋಡು" ಅನ್ನುತ್ತಾರೆ. ಯಾವುದು ನಿಜ? ಪ್ರಣಾಳಿಕೆಯಲ್ಲಿ "ಲಿಂಗತ್ವ ಅಲ್ಪಸಂಖ್ಯಾತರ ಕಲ್ಯಾಣ" ಎಂಬ ಒಂದು ಸಾಲು ಎಲ್ಲರೂ ಬರೆಯುತ್ತಾರೆ. ಅದರಾಚೆಗೆ ಏನನ್ನು ನೋಡಿ ತೂಗಬೇಕು?

ಲೆಕ್ಕದ_ಮನುಷ್ಯ

ತಾಯಿ, ನಾನು ಆರೋಗ್ಯ ಇಲಾಖೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನನ್ನ ಮಗ ಟ್ರಾನ್ಸ್ ಪುರುಷ. ಅವನು ನಮಗೆ ತಿಳಿಸಿದ ಮೇಲೆ, ಅಲ್ಲಿಯವರೆಗೆ ಬರೀ ಅಂಕಿಗಳಾಗಿ ನೋಡುತ್ತಿದ್ದ ಕಾಗದಗಳನ್ನು ಬೇರೆ ಕಣ್ಣಿನಿಂದ ಓದತೊಡಗಿದೆ. ನಿಮ್ಮ ಇಬ್ಬರು ಸ್ನೇಹಿತರು ಹೇಳುವುದೂ ಅರ್ಧರ್ಧ ನಿಜ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಕೋರ್ಟಿನ ಮಾತು. ತೃತೀಯ ಲಿಂಗಿಗಳ ಹಕ್ಕನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟಿನ ನಾಲ್ಸಾ ತೀರ್ಪು ಬಂದದ್ದು 2014ರ ಏಪ್ರಿಲ್ 15ರಂದು, ಲೋಕಸಭಾ ಚುನಾವಣೆಯ ಮತದಾನ ನಡೆಯುತ್ತಿದ್ದ ದಿನಗಳಲ್ಲೇ. ಆಸ್ಪತ್ರೆಗಳಲ್ಲಿ ಟ್ರಾನ್ಸ್ ಜನರಿಗೆ ವೈದ್ಯಕೀಯ ಆರೈಕೆ ಕೊಡಲು ಕೇಂದ್ರ, ರಾಜ್ಯ ಎರಡೂ ಕ್ರಮ ಕೈಗೊಳ್ಳಬೇಕು ಎಂಬ ನಿರ್ದೇಶನ ಅದರಲ್ಲಿದೆ. ಒಂದೂವರೆ ತಿಂಗಳೊಳಗೆ ದೆಹಲಿಯ ಸರ್ಕಾರ ಬದಲಾಯಿತು, ತೀರ್ಪು ಹಾಗೇ ಉಳಿಯಿತು. ಇದು ನಿಮ್ಮ ಮೊದಲ ಗೆಳೆಯನ ಪರವಾದ ಮಾತು. ಆದರೆ ತೀರ್ಪು ಉಳಿಯುವುದೂ ಒಪಿಡಿಯಲ್ಲಿ ಮಾತ್ರೆ ಸಿಗುವುದೂ ಬೇರೆ ಬೇರೆ. ತೀರ್ಪಿನಿಂದ ಕಾಯ್ದೆಗೆ ಬರಲು ಐದು ವರ್ಷಕ್ಕೂ ಹೆಚ್ಚು ಹಿಡಿಯಿತು. 2015ರಲ್ಲಿ ತಿರುಚ್ಚಿ ಶಿವ ಅವರ ಖಾಸಗಿ ಮಸೂದೆ ರಾಜ್ಯಸಭೆಯಲ್ಲಿ ಅಂಗೀಕಾರವಾಗಿತ್ತು, ಕಾಯ್ದೆಯಾಗಲಿಲ್ಲ. ಕೊನೆಗೆ ಬಂದದ್ದು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಗೆಂದು ಸರ್ಕಾರ ತಂದ 2019ರ ಕಾಯ್ದೆ. ಸಮುದಾಯದವರೇ ಅದರ ಹಲವು ಅಂಶಗಳ ವಿರುದ್ಧ ಬೀದಿಗಿಳಿದಿದ್ದರು. ಆ ಕಾಯ್ದೆಯ 15ನೇ ಸೆಕ್ಷನ್‌ನಲ್ಲಿ ಹಾರ್ಮೋನ್ ಚಿಕಿತ್ಸೆ, ಸರ್ಜರಿ, ಅದರ ಹಿಂದುಮುಂದಿನ ಆಪ್ತಸಮಾಲೋಚನೆ, ವೆಚ್ಚಕ್ಕೆ ವಿಮೆ, ವೈದ್ಯಕೀಯ ಪಠ್ಯಕ್ರಮದ ಪರಿಶೀಲನೆ ಎಲ್ಲವನ್ನೂ ಬರೆದರು. ಎಷ್ಟು ಆಸ್ಪತ್ರೆಗಳಲ್ಲಿ, ಎಷ್ಟು ದಿನದೊಳಗೆ, ಯಾವ ಹಣದಲ್ಲಿ ಎಂಬುದನ್ನು ಬರೆಯಲಿಲ್ಲ. ಚುನಾವಣೆ ಒಳಗೆ ನುಗ್ಗುವುದು ಈ ಬರೆಯದೆ ಬಿಟ್ಟ ಜಾಗದಿಂದ.

ಆಸ್ಪತ್ರೆ ಮತ್ತು ಸಾರ್ವಜನಿಕ ಆರೋಗ್ಯ ನಮ್ಮ ಸಂವಿಧಾನದಲ್ಲಿ ರಾಜ್ಯ ಪಟ್ಟಿಯ ವಿಷಯ. ಜನ ಟಿವಿಯಲ್ಲಿ ಲೋಕಸಭಾ ಫಲಿತಾಂಶ ನೋಡಿ ಆತಂಕಪಡುತ್ತಾರೆ. ನಿಮ್ಮ ಒಪಿಡಿಯ ವೈದ್ಯರ ಹುದ್ದೆ ಭರ್ತಿಯಾಗುತ್ತದೋ ಇಲ್ಲವೋ ಎಂಬುದಕ್ಕೆ ವಿಧಾನಸಭೆಯ ಫಲಿತಾಂಶವೇ ಹೆಚ್ಚು ಹತ್ತಿರ. ದೆಹಲಿಯಿಂದ ಬರುವುದು ಯೋಜನೆ ಮತ್ತು ವಿಮೆ. 2022ರ ಆಗಸ್ಟ್‌ನಲ್ಲಿ ಸಾಮಾಜಿಕ ನ್ಯಾಯ ಇಲಾಖೆ ಮತ್ತು ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದ ನಡುವೆ ಒಪ್ಪಂದವಾಗಿ, ಟ್ರಾನ್ಸ್‌ಜೆಂಡರ್ (ಟಿಜಿ) ಗುರುತಿನ ಪ್ರಮಾಣಪತ್ರ ಇದ್ದವರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯ ರಕ್ಷಣೆ ಎಂದು ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಘೋಷಣೆಯಾಯಿತು. ಒಳ್ಳೆಯದೇ. ಆದರೆ ಸರ್ಜರಿ ಮಾಡುವ ಕೈಗಳು, ಫೈಲ್ ಓದುವ ವೈದ್ಯರು ರಾಜ್ಯದ ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಕಾರ್ಡ್ ಹಿಡಿದು ಎಲ್ಲಿಗೆ ಹೋಗುವುದು?

ನೀವು ಹೇಳಿದ "ಆದೇಶ ಬಂದಿಲ್ಲ" ಎಂಬ ಉತ್ತರ ನನಗೆ ತುಂಬಾ ಪರಿಚಿತ. ಅದರ ಹಿಂದೆ ಏನಿರುತ್ತದೆ ಎಂದು ಹೇಳುತ್ತೇನೆ. ನಿಮ್ಮ ಕ್ಲಿನಿಕ್‌ಗೆ ಬಹುಶಃ ಬಜೆಟ್‌ನಲ್ಲಿ ಸ್ವಂತ ಲೆಕ್ಕಶೀರ್ಷಿಕೆ ಇರಲಿಲ್ಲ, ಮಂಜೂರಾದ ಹುದ್ದೆಯೂ ಇರಲಿಲ್ಲ. ಯಾರೋ ಒಬ್ಬ ಅಧಿಕಾರಿ ಆಸಕ್ತಿ ವಹಿಸಿ, ಬೇರೆ ಕಾರ್ಯಕ್ರಮದ ಹಣದಲ್ಲಿ ಗುತ್ತಿಗೆಯ ಮೇಲೆ ಸಮಾಲೋಚಕಿಯನ್ನು ಹಾಕಿ, ಒಬ್ಬ ವೈದ್ಯರಿಗೆ ವಾರಕ್ಕೊಂದು ಮಧ್ಯಾಹ್ನ ಬಿಡುವು ಮಾಡಿಕೊಟ್ಟಿರುತ್ತಾರೆ. ಅಂಥದ್ದನ್ನು ಮುಚ್ಚಲು ಯಾರೂ ಸಹಿ ಹಾಕಬೇಕಾಗಿಲ್ಲ. ಮುಂದುವರಿಸಲು ಯಾರೂ ಸಹಿ ಹಾಕದಿದ್ದರೆ ಸಾಕು. ಇನ್ನೊಂದು: ಚುನಾವಣೆ ಘೋಷಣೆಯಾದ ದಿನದಿಂದ ನೀತಿ ಸಂಹಿತೆ ಬರುತ್ತದೆ. ನಡೆಯುತ್ತಿರುವ ಕೆಲಸ ನಡೆಯಬಹುದು, ಹೊಸದನ್ನು ಘೋಷಿಸುವ ಹಾಗಿಲ್ಲ. ಚುನಾವಣೆಯ ವರ್ಷ ಬಜೆಟ್ ಬದಲು ಲೇಖಾನುದಾನ, ಅಂದರೆ ಕೆಲವು ತಿಂಗಳ ಖರ್ಚಿಗಷ್ಟೇ ಒಪ್ಪಿಗೆ, ತೆಗೆದುಕೊಳ್ಳುವುದೂ ಉಂಟು. 2024ರಲ್ಲಿ ಕೇಂದ್ರದ ಮಧ್ಯಂತರ ಬಜೆಟ್ ಬಂದದ್ದು ಫೆಬ್ರುವರಿ 1ಕ್ಕೆ, ಪೂರ್ಣ ಬಜೆಟ್ ಜುಲೈ 23ಕ್ಕೆ. ಈ ನಡುವಿನ ತಿಂಗಳುಗಳಲ್ಲಿ ಬೇರು ಬಿಟ್ಟ ಕಾರ್ಯಕ್ರಮಗಳಿಗೆ ಏನೂ ಆಗುವುದಿಲ್ಲ. ಗುತ್ತಿಗೆ ಮುಗಿಯುತ್ತಿರುವವಳು ಆ ತಿಂಗಳುಗಳಲ್ಲೇ ಮನೆಗೆ ಹೋಗುತ್ತಾಳೆ. ಯಾರು ಗೆದ್ದರು ಎಂದು ಗೊತ್ತಾಗುವ ಮೊದಲೇ.

ಅದಕ್ಕೇ ಅಭ್ಯರ್ಥಿ ಬಂದಾಗ "ನಮ್ಮ ಬಗ್ಗೆ ನಿಮ್ಮ ನಿಲುವೇನು" ಎಂದು ಕೇಳಬೇಡಿ. ನಿಲುವು ಎಲ್ಲರದ್ದೂ ಚೆನ್ನಾಗಿರುತ್ತದೆ. ಹುದ್ದೆ ಕೇಳಿ. ಕಾಯಂ ಹುದ್ದೆ ಎಷ್ಟು, ಯಾವ ಆಸ್ಪತ್ರೆಗೆ, ಯಾವ ಶೀರ್ಷಿಕೆಯಡಿ ಹಣ. ಹಾರ್ಮೋನ್ ಔಷಧಿ ಆಸ್ಪತ್ರೆಯ ಸಾಮಾನ್ಯ ಇಂಡೆಂಟಿನಲ್ಲಿ (ಔಷಧಿ ಬೇಡಿಕೆ ಪಟ್ಟಿಯಲ್ಲಿ) ಸೇರುತ್ತದೋ, ವಿಶೇಷ ಅನುದಾನದಿಂದ ಬರುತ್ತದೋ. ಈಗಿನ ಸರ್ಕಾರ ಬಿಡುಗಡೆ ಮಾಡಿದ್ದೆಷ್ಟು, ಖರ್ಚಾದದ್ದೆಷ್ಟು ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ತೆಗೆಯಿರಿ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಚುನಾವಣೆಗೆ ಮುಂಚೆಯೇ ಆ ಕಾಗದ ಕೈಯಲ್ಲಿರಲಿ. ಗೆದ್ದ ಮೇಲೆ ಹೊಸ ಸಚಿವರ ಮುಂದೆ ಇಡುವುದಕ್ಕೂ ಅದೇ ಬೇಕು.

ಪಕ್ಷ ಬದಲಾದರೂ ಕೆಲಸ ಮುಂದುವರಿದದ್ದೂ ಇದೆ. ಕೇರಳದಲ್ಲಿ ಟ್ರಾನ್ಸ್‌ಜೆಂಡರ್ ನೀತಿ ತಂದದ್ದು 2015ರಲ್ಲಿ, ಕಾಂಗ್ರೆಸ್ ನೇತೃತ್ವದ ಐಕ್ಯರಂಗದ ಸರ್ಕಾರ. ಮರುವರ್ಷ ಎಡರಂಗ ಬಂತು. ನೀತಿಯನ್ನು ಕೈಬಿಡಲಿಲ್ಲ, ಅದೇ ತಳಹದಿಯ ಮೇಲೆ ಸರ್ಜರಿಗೆ ಸಹಾಯಧನವನ್ನೂ ಕೊಟ್ಟರು. ಒಬ್ಬರು ಶುರು ಮಾಡಿದ್ದನ್ನು ಎದುರಾಳಿ ಮುಂದುವರಿಸಿದರೆ ಅದು ಪಕ್ಷದ ಆಸ್ತಿಯಾಗಿ ಉಳಿಯುವುದಿಲ್ಲ. ನಮಗೆ ಬೇಕಾದದ್ದು ಅದೇ.

ಹೊಸಿಲು

ಸರ್, ನಿಮ್ಮ ಮಾತು ಗೌರವದಿಂದ ಓದಿದೆ. ಆದರೆ ಮತ ಹಾಕುವುದರಿಂದ ಇದು ಸರಿಹೋಗುತ್ತದೆ ಎಂಬ ನಂಬಿಕೆ ನನಗೆ ಉಳಿದಿಲ್ಲ, ಯಾಕೆಂದು ಹೇಳುತ್ತೇನೆ. ನಾನು ನಾನ್‌ಬೈನರಿ, ಅಂದರೆ ಹೆಣ್ಣು, ಗಂಡು ಎಂಬ ಎರಡೇ ಚೌಕಟ್ಟಿಗೆ ಸೇರದ ವ್ಯಕ್ತಿ, ಹೊರದೇಶಗಳ ಸುದ್ದಿಯನ್ನು ಸ್ವಲ್ಪ ಹೆಚ್ಚೇ ಓದುತ್ತೇನೆ.

ಬ್ರಿಟನ್ ನೋಡಿ. 2024ರ ಮೇ ತಿಂಗಳಲ್ಲಿ ಕನ್ಸರ್ವೇಟಿವ್ ಸರ್ಕಾರ ಹದಿನೆಂಟರೊಳಗಿನ ಟ್ರಾನ್ಸ್ ಮಕ್ಕಳಿಗೆ ಪ್ಯುಬರ್ಟಿ ಬ್ಲಾಕರ್ (ಹರೆಯದ ದೇಹಬದಲಾವಣೆ ತಡೆಯುವ ಔಷಧಿ) ಕೊಡುವುದನ್ನು ತಡೆಯಲು ತುರ್ತು ನಿಷೇಧ ತಂದಿತು. ಜುಲೈ 4ರಂದು ಚುನಾವಣೆ ಆಗಿ ಲೇಬರ್ ಭಾರಿ ಬಹುಮತದಿಂದ ಬಂತು. ಎಷ್ಟೋ ಕುಟುಂಬಗಳು ಆ ರಾತ್ರಿ ಉಸಿರು ಬಿಟ್ಟಿರಬೇಕು. ಹೊಸ ಆರೋಗ್ಯ ಸಚಿವ ವೆಸ್ ಸ್ಟ್ರೀಟಿಂಗ್ ಅದೇ ನಿಷೇಧವನ್ನು ಮುಂದುವರಿಸಿ, ಡಿಸೆಂಬರ್‌ನಲ್ಲಿ ಅನಿರ್ದಿಷ್ಟಾವಧಿಗೆ ವಿಸ್ತರಿಸಿದರು. ಎರಡೂ ಪಕ್ಷ ಮಕ್ಕಳ ಲಿಂಗತ್ವ ಚಿಕಿತ್ಸೆಯ ಬಗ್ಗೆ ವೈದ್ಯೆ ಹಿಲರಿ ಕಾಸ್ ಕೊಟ್ಟ ವರದಿಯನ್ನೇ ಆಧಾರ ಮಾಡಿಕೊಂಡವು. ವಯಸ್ಕರ ಕ್ಲಿನಿಕ್‌ಗಳಲ್ಲಿ ಮೊದಲ ಭೇಟಿಗೆ ವರ್ಷಗಟ್ಟಲೆ ಕಾಯುವ ಸಾಲು ಎರಡೂ ಸರ್ಕಾರಗಳ ಕಾಲದಲ್ಲಿ ಇತ್ತು.

ಬ್ರೆಜಿಲ್ ಇನ್ನೂ ವಿಚಿತ್ರ. ಅಲ್ಲಿ 2008ರಿಂದಲೇ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯಲ್ಲಿ ಉಚಿತ ಸರ್ಜರಿ, ಹಾರ್ಮೋನ್ ಇದೆ. ಬಲಪಂಥೀಯ ಬೊಲ್ಸೊನಾರೊ ಅಧ್ಯಕ್ಷರಾಗಿ ಅಧಿಕಾರಕ್ಕೆ ಬಂದ ವರ್ಷವೇ, 2019ರಲ್ಲಿ, ಅಲ್ಲಿನ ಫೆಡರಲ್ ವೈದ್ಯಕೀಯ ಪರಿಷತ್ತು ಹಾರ್ಮೋನ್ ಶುರು ಮಾಡುವ ವಯಸ್ಸನ್ನು 16ಕ್ಕೆ ಇಳಿಸಿತು. ಎಡಪಂಥೀಯ ಲೂಲಾ ಅಧಿಕಾರದಲ್ಲಿದ್ದ 2025ರ ಏಪ್ರಿಲ್‌ನಲ್ಲಿ ಅದೇ ಪರಿಷತ್ತು ಮತ್ತೆ 18ಕ್ಕೆ ಏರಿಸಿ ಬ್ಲಾಕರ್‌ಗಳನ್ನೂ ನಿಷೇಧಿಸಿತು. ಯಾವ ಮತದಾರನೂ ಆ ಪರಿಷತ್ತನ್ನು ಆರಿಸಿಲ್ಲ.

ನಮ್ಮಲ್ಲೂ ಹಾಗೇ ಅಲ್ಲವೇ? ನಮ್ಮ ಲಿಂಗತ್ವವನ್ನೋ ಒಲವನ್ನೋ "ಸರಿಪಡಿಸುತ್ತೇವೆ" ಎನ್ನುವ ಪರಿವರ್ತನಾ ಚಿಕಿತ್ಸೆ ಎಂಬ ಹಿಂಸೆಯನ್ನು ವೃತ್ತಿದ್ರೋಹ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದ್ದು ಮದ್ರಾಸ್ ಹೈಕೋರ್ಟ್ ಬೆನ್ನು ಬಿಡದೆ ಕೇಳಿದ್ದಕ್ಕೆ. ಯಾವ ಪ್ರಣಾಳಿಕೆಯಿಂದಲೂ ಅದು ಬಂದದ್ದಲ್ಲ. ಮೇಲಾಗಿ ನಮ್ಮ ಸಂಖ್ಯೆ ನೋಡಿ. 2011ರ ಜನಗಣತಿಯಲ್ಲಿ "ಇತರೆ" ಎಂದು ಬರೆಸಿದವರು 4.88 ಲಕ್ಷ. 2024ರ ಮತದಾರರ ಪಟ್ಟಿಯಲ್ಲಿ ತೃತೀಯ ಲಿಂಗಿಗಳೆಂದು ಇದ್ದವರು ಸುಮಾರು 48 ಸಾವಿರ, ಇಡೀ ದೇಶಕ್ಕೆ. ಹೆಣ್ಣು, ಗಂಡು ಎಂದೇ ಪಟ್ಟಿಯಲ್ಲಿರುವವರು ಇನ್ನೂ ಇದ್ದಾರೆ, ಒಪ್ಪುತ್ತೇನೆ. ಆದರೂ ಯಾವ ಅಭ್ಯರ್ಥಿ ನಮ್ಮ ಮತಕ್ಕಾಗಿ ಹುದ್ದೆ ಮಂಜೂರು ಮಾಡಿಸುತ್ತಾನೆ?

ಲೆಕ್ಕದ_ಮನುಷ್ಯ

ಹೊಸಿಲು, ನೀವು ಕೊಟ್ಟ ಎರಡೂ ಉದಾಹರಣೆ ಸರಿ. ಕೋಪವೂ ಸರಿ. ಆದರೆ ಚುನಾವಣೆಯಿಂದ ಏನೂ ಆಗುವುದಿಲ್ಲ ಎಂಬ ಕಡೆಗೆ ಮಾತ್ರ ನಾನು ಬರಲಾರೆ.

ಅಮೆರಿಕದ ಕಥೆಯನ್ನು ವರ್ಷದ ಲೆಕ್ಕದಲ್ಲಿ ನೋಡಿ. 2010ರ ಆರೋಗ್ಯ ಕಾಯ್ದೆಯಲ್ಲಿ ತಾರತಮ್ಯ ಕೂಡದು ಎಂಬ ಒಂದು ಸೆಕ್ಷನ್ ಇದೆ, 1557. ಅದರಲ್ಲಿ ಲಿಂಗತ್ವ ಗುರುತೂ ಸೇರುತ್ತದೆ ಎಂದು ಒಬಾಮಾ ಆಡಳಿತ 2016ರಲ್ಲಿ ನಿಯಮ ಬರೆಯಿತು. 2020ರ ಜೂನ್‌ನಲ್ಲಿ ಟ್ರಂಪ್ ಆಡಳಿತ ಅದನ್ನು ತೆಗೆಯಿತು. 2024ರಲ್ಲಿ ಬೈಡನ್ ಆಡಳಿತ ಮತ್ತೆ ಸೇರಿಸಿತು, ಜಾರಿಗೆ ಬರುವಷ್ಟರಲ್ಲಿ ಕೋರ್ಟು ತಡೆ ಕೊಟ್ಟಿತು. 2025ರ ಜನವರಿ 28ರಂದು, ಟ್ರಂಪ್ ಮತ್ತೆ ಗೆದ್ದು ಪ್ರಮಾಣವಚನ ಮಾಡಿದ ಎಂಟೇ ದಿನಕ್ಕೆ, ಹತ್ತೊಂಬತ್ತರೊಳಗಿನವರ ಚಿಕಿತ್ಸೆಗೆ ಫೆಡರಲ್ ಬೆಂಬಲ ನಿಲ್ಲಿಸುವ ಆದೇಶ ಬಂತು. ಕಾಯ್ದೆಯ ಅಕ್ಷರ ಒಂದೂ ಬದಲಾಗದೆ ಅರ್ಥ ಇಷ್ಟು ಸಲ ತಿರುಗಿತು. ಅದೇ ವರ್ಷದ ಜುಲೈನಲ್ಲಿ ಲಾಸ್ ಏಂಜಲೀಸ್ ಮಕ್ಕಳ ಆಸ್ಪತ್ರೆ ತನ್ನ ಟ್ರಾನ್ಸ್ ಯುವಜನರ ಕೇಂದ್ರವನ್ನು ಮುಚ್ಚಿತು. ಕ್ಯಾಲಿಫೋರ್ನಿಯಾದಲ್ಲಿ ಆ ಚಿಕಿತ್ಸೆಗೆ ನಿಷೇಧ ಇರಲಿಲ್ಲ. ಅನುದಾನ ಹೋದೀತು ಎಂಬ ಒತ್ತಡವೊಂದೇ ಸಾಕಾಯಿತು. ಹಣಕಾಸಿನ ಭಯ ಕಾನೂನಿಗಿಂತ ವೇಗವಾಗಿ ಓಡುತ್ತದೆ. ಇದನ್ನು ನಾನು ನನ್ನ ಕೆಲಸದಲ್ಲೇ ಕಂಡಿದ್ದೇನೆ.

ಆ ಚುನಾವಣೆ ನಮ್ಮ ನೆಲಕ್ಕೂ ಬಂತು. ಹೈದರಾಬಾದಿನಲ್ಲಿ 2021ರಲ್ಲಿ ಟ್ರಾನ್ಸ್ ಜನರಿಗೆಂದೇ ಶುರುವಾದ ಮಿತ್ರ್ ಕ್ಲಿನಿಕ್, ಆಮೇಲೆ ಪುಣೆ, ಕಲ್ಯಾಣದಲ್ಲಿ ತೆರೆದ ಶಾಖೆಗಳು ನಡೆಯುತ್ತಿದ್ದದ್ದು ಅಮೆರಿಕದ ನೆರವಿನ ಹಣದಲ್ಲಿ. 2025ರ ಜನವರಿಯಲ್ಲಿ ವಿದೇಶಿ ನೆರವು ತಡೆಹಿಡಿದ ಕೂಡಲೇ ಮೂರೂ ಬಾಗಿಲು ಹಾಕಿದವು. ಅಲ್ಲಿಗೆ ಹೋಗುತ್ತಿದ್ದ ಒಬ್ಬರಿಗೂ ಆ ಚುನಾವಣೆಯಲ್ಲಿ ಮತ ಇರಲಿಲ್ಲ. ಹೈದರಾಬಾದಿನದು ಮುಂದೆ ಬೇರೆ ಹೆಸರಿನಲ್ಲಿ, ದೇಶದೊಳಗಿನ ದತ್ತಿ ಹಣದಿಂದ ಮತ್ತೆ ತೆರೆಯಿತು. ಅಂಥ ಜಾಗಗಳ ಕೆಲಸಕ್ಕೆ ಕೈಮುಗಿಯುತ್ತೇನೆ. ಆದರೆ ದತ್ತಿಯ ಮೇಲೆ ನಿಂತ ಚಿಕಿತ್ಸೆಯನ್ನು ನೋಡಿ ಸರ್ಕಾರ ತನ್ನ ಕೆಲಸ ಮುಗಿಯಿತು ಎಂದುಕೊಳ್ಳಬಾರದು.

ಇದಕ್ಕೆ ಎದುರಾಗಿ ಅರ್ಜೆಂಟೀನಾ ಇಡುತ್ತೇನೆ. 2012ರ ಅವರ ಲಿಂಗತ್ವ ಗುರುತಿನ ಕಾಯ್ದೆಯ 11ನೇ ವಿಧಿ ಹಾರ್ಮೋನ್, ಸರ್ಜರಿ ಎರಡನ್ನೂ ದೇಶದ ಕಡ್ಡಾಯ ವೈದ್ಯಕೀಯ ಯೋಜನೆಯೊಳಗೇ ಸೇರಿಸಿತು. ಸರ್ಕಾರಿ ಆಸ್ಪತ್ರೆಗೂ ಕಡ್ಡಾಯ, ಖಾಸಗಿ ವಿಮೆಗೂ ಕಡ್ಡಾಯ. ಮಿಲೇ 2023ರ ಕೊನೆಯಲ್ಲಿ ಅಧ್ಯಕ್ಷರಾದರು. ಅವರು ಇದರ ವಿರೋಧಿ ಎಂಬುದು ಗುಟ್ಟಲ್ಲ. 2025ರ ಫೆಬ್ರುವರಿಯಲ್ಲಿ ಅವರ ಡಿಕ್ರಿ (ಅಧ್ಯಕ್ಷರ ಆಜ್ಞೆ) ಹದಿನೆಂಟರೊಳಗಿನವರನ್ನು ಆ ವಿಧಿಯಿಂದ ಹೊರಗಿಟ್ಟಿತು. ಆ ಮಕ್ಕಳಿಗಾದ ನಷ್ಟ ಚಿಕ್ಕದಲ್ಲ, ಅದನ್ನು ಹಗುರ ಮಾಡುತ್ತಿಲ್ಲ. ಆದರೆ ವಯಸ್ಕರ ಭಾಗವನ್ನು ಆ ಡಿಕ್ರಿ ಕಿತ್ತುಹಾಕಲಿಲ್ಲ. ಚಿಕಿತ್ಸೆ ಎಲ್ಲರ ಆರೋಗ್ಯದ ಪಟ್ಟಿಯೊಳಗೆ ಹೆಣೆದುಕೊಂಡಿದ್ದರೆ ಬಿಡಿಸಲು ಕಷ್ಟ. ಬದಿಗೆ ಹೊಲಿದ ತೇಪೆಯನ್ನು ಯಾರು ಬೇಕಾದರೂ ಕೀಳಬಹುದು.

ಸಂಖ್ಯೆಯ ವಿಷಯ. 48 ಸಾವಿರ ಮತ ಯಾವ ಕ್ಷೇತ್ರವನ್ನೂ ತಿರುಗಿಸುವುದಿಲ್ಲ, ನಿಜ. ಆದರೆ ಎಂಡೋಕ್ರೈನಾಲಜಿ ಹುದ್ದೆ ಖಾಲಿ ಇದ್ದರೆ ಸಕ್ಕರೆ ಕಾಯಿಲೆಯವರೂ ಥೈರಾಯ್ಡ್ ಇರುವವರೂ ಅದೇ ಬೆಂಚಿನ ಮೇಲೆ ಕಾಯುತ್ತಾರೆ. ಅವರ ಜೊತೆ ಸೇರಿ ಕೇಳಿ. ನನ್ನ ಮಗನ ವಿಷಯದಲ್ಲಿ ನಾನು ಅಭ್ಯರ್ಥಿಯ ಮುಂದೆ ನಿಂತು ಕೇಳುವಾಗ ಒಬ್ಬ ಮತದಾರ ತಂದೆಯಾಗಿಯೇ ಕೇಳುತ್ತೇನೆ. ಅಂಥ ತಂದೆತಾಯಿಗಳು ಬಾಯಿ ತೆರೆದರೆ ಲೆಕ್ಕ 48 ಸಾವಿರದಲ್ಲಿ ನಿಲ್ಲುವುದಿಲ್ಲ.

ನೈಟ್_ಡ್ಯೂಟಿ

ನಾನು ಸ್ಟಾಫ್ ನರ್ಸ್, ಎಂಡೋಕ್ರೈನ್ ವಿಭಾಗದಲ್ಲಿ. ರಾಜಕೀಯದ ಬಗ್ಗೆ ಅಣ್ಣ ಎಲ್ಲ ಬರೆದಿದ್ದಾರೆ. ಮುಂಜಾವು ಅವರೇ, ನಿಮ್ಮ ಗೆಳತಿಯ ವಿಷಯ ಓದಿ ನಾನು ಬರೆಯದೆ ಇರಲಾಗಲಿಲ್ಲ.

ಗರ್ಭನಿರೋಧಕ ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುವುದು ಎಥಿನೈಲ್ ಎಸ್ಟ್ರಡೈಯಾಲ್. ನೀವು ತೆಗೆದುಕೊಳ್ಳುವ ಎಸ್ಟ್ರಡೈಯಾಲ್ ಬೇರೆ. ಮೊದಲನೆಯದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು, ಅದಕ್ಕೇ ಟ್ರಾನ್ಸ್ ಮಹಿಳೆಯರಿಗೆ ಅದನ್ನು ಕೊಡಬಾರದು ಎಂದು ಮಾರ್ಗಸೂಚಿಗಳು ಹೇಳುತ್ತವೆ. ಬೀಡಿ ಸಿಗರೇಟು ಸೇದುವವರಾದರೆ, ಒಂದರ ಬದಲು ಹಲವು ಮಾತ್ರೆ ನುಂಗುತ್ತಿದ್ದರೆ ಅಪಾಯ ಇನ್ನೂ ಹೆಚ್ಚು. ಒಂದು ಕಾಲು ಮಾತ್ರ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ನೋವು ಕಂಡರೆ ತಡ ಮಾಡದೆ ತುರ್ತು ವಿಭಾಗಕ್ಕೆ ಹೋಗಬೇಕು ಎಂದು ಅವರಿಗೆ ಇವತ್ತೇ ಹೇಳಿ. ಅಲ್ಲಿ ನುಂಗುತ್ತಿರುವುದನ್ನು ಮುಚ್ಚಿಡದೆ ಹೇಳಲಿ.

ಇನ್ನು ನಿಮ್ಮದು. ವೃಷಣ ತೆಗೆದ ಮೇಲೆ ಹಾರ್ಮೋನ್ ಬೇಕಾಗುವುದು ಮುಖದ ಅಂದಕ್ಕಲ್ಲ ಎಂದು ನಮ್ಮಲ್ಲಿ ಕೆಲವು ಸಿಬ್ಬಂದಿಗೇ ಗೊತ್ತಿಲ್ಲ. ಹಾರ್ಮೋನ್ ಇಲ್ಲದೆ ದಿನ ಕಳೆದರೆ ಮೂಳೆ ಸವೆಯುತ್ತದೆ, ಮೈ ಬಿಸಿಯೇರುತ್ತದೆ, ಸುಸ್ತು ಬಿಡುವುದಿಲ್ಲ. ಚಿಕ್ಕ ವಯಸ್ಸಿಗೆ ಅಂಡಾಶಯ ತೆಗೆಸಿಕೊಂಡ ಹೆಂಗಸಿಗೆ ಯಾವ ಕಾರಣಕ್ಕೆ ಕೊಡುತ್ತಾರೋ ನಿಮಗೂ ಅದೇ ಕಾರಣ. ಆದ್ದರಿಂದ ನಿಮ್ಮ ವೈದ್ಯೆಯ ಹತ್ತಿರ ಫೈಲಿನಲ್ಲಿ ಒಂದು ಮಾತು ಸ್ಪಷ್ಟವಾಗಿ ಬರೆಸಿ: ಸರ್ಜರಿಯಾದ ತಾರೀಖು, ಜನನಗ್ರಂಥಿ ಇಲ್ಲ ಎಂಬುದು, ಹಾರ್ಮೋನ್ ಬದಲಿ ಚಿಕಿತ್ಸೆ ದೀರ್ಘಕಾಲ ಬೇಕು ಎಂಬುದು. ಹಾಗೆ ಬರೆದಿದ್ದರೆ ವಿಶೇಷ ಕ್ಲಿನಿಕ್ ಇರಲಿ ಬಿಡಲಿ, ಯಾವ ಫಿಸಿಷಿಯನ್ ಮುಂದೆ ಕೂತರೂ ಅದು ಸಾಮಾನ್ಯ ಎಂಡೋಕ್ರೈನ್ ಚಿಕಿತ್ಸೆ. ಎದುರಿನವರಿಗೆ ಟ್ರಾನ್ಸ್ ಆರೋಗ್ಯದ ತರಬೇತಿ ಇಲ್ಲದಿದ್ದರೂ ಮುಂದುವರಿಸಲು ಕಷ್ಟವಾಗುವುದಿಲ್ಲ. ಎಸ್ಟ್ರಡೈಯಾಲ್ ಮಾತ್ರೆ ಮುಟ್ಟು ನಿಂತ ಹೆಂಗಸರಿಗಾಗಿಯೂ ತಯಾರಾಗುತ್ತದೆ, ಅದು ಟ್ರಾನ್ಸ್ ಜನರಿಗೆಂದೇ ಬರುವ ಔಷಧಿಯಲ್ಲ.

ಕಾಗದಗಳನ್ನು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಮಾತ್ರ ಬಿಡಬೇಡಿ. ಡಿಸ್‌ಚಾರ್ಜ್ ಸಾರಾಂಶ, ಇತ್ತೀಚಿನ ರಕ್ತ ಪರೀಕ್ಷೆ, ಡೋಸ್ ಬರೆದ ಚೀಟಿ, ಇಷ್ಟರ ಪ್ರತಿ ಮನೆಯಲ್ಲಿರಲಿ, ಫೋನಿನಲ್ಲೂ ಇರಲಿ. ಸ್ಪೈರೊನೊಲ್ಯಾಕ್ಟೋನ್ (ಗಂಡು ಹಾರ್ಮೋನಿನ ಪರಿಣಾಮ ತಡೆಯುವ ಮಾತ್ರೆ) ತೆಗೆದುಕೊಳ್ಳುವವರು ಪೊಟ್ಯಾಸಿಯಂ, ಟೆಸ್ಟೊಸ್ಟೆರಾನ್ ಇಂಜೆಕ್ಷನ್ ತೆಗೆದುಕೊಳ್ಳುವ ತಮ್ಮಂದಿರು ಹಿಮೋಗ್ಲೋಬಿನ್ ಮತ್ತು ಹಿಮಟೊಕ್ರಿಟ್ ಪರೀಕ್ಷೆಯನ್ನು ಚುನಾವಣೆಯ ಗಡಿಬಿಡಿಗೆ ಮುಂದೂಡಬೇಡಿ. ಔಷಧಿ ಕೂಡಿಡಬೇಕೇ ಎಂದು ಅನೇಕರು ಕೇಳುತ್ತಾರೆ. ಸಿಕ್ಕಿದ್ದನ್ನೆಲ್ಲ ತುಂಬಿಟ್ಟುಕೊಂಡು ಅವಧಿ ಮೀರಿದ್ದನ್ನು ನುಂಗುವುದು ಬೇಡ. ವೈದ್ಯರನ್ನು ಕೇಳಿ ಎಷ್ಟು ತಿಂಗಳಿಗೆ ಒಟ್ಟಿಗೆ ಬರೆಯಲು ಆಗುತ್ತದೋ ಅಷ್ಟು ಬರೆಸಿಕೊಳ್ಳಿ.

ಇನ್ನೊಂದು ಗಮನಿಸಿ. ಬ್ರಿಟನ್‌ನಲ್ಲಿ ಬ್ಲಾಕರ್ ನಿಲ್ಲಿಸಿದಾಗ ಸರ್ಕಾರಿ ವ್ಯವಸ್ಥೆಯಲ್ಲಿ ಆಗಲೇ ಪಡೆಯುತ್ತಿದ್ದವರಿಗೆ ಮುಂದುವರಿಸಲು ಬಿಟ್ಟರು. ಅಮೆರಿಕದ ಮಾಜಿ ಸೈನಿಕರ ಇಲಾಖೆಯೂ 2025ರ ಮಾರ್ಚ್‌ನಲ್ಲಿ ಹೊಸಬರಿಗೆ ಹಾರ್ಮೋನ್ ಇಲ್ಲ ಎಂದಾಗ ಈಗಾಗಲೇ ಅಲ್ಲಿ ಪಡೆಯುತ್ತಿದ್ದವರನ್ನು ಕೈಬಿಡಲಿಲ್ಲ. ಎಲ್ಲ ಕಡೆ ಹೀಗಾಗುತ್ತದೆ ಎಂದಲ್ಲ, ಆದರೆ ದಾಖಲೆಯಲ್ಲಿ ಹೆಸರು ಇರುವವರಿಗೆ ಒಂದು ಹಿಡಿತ ಇರುತ್ತದೆ. ಮೊದಲ ಭೇಟಿಯನ್ನು ಮುಂದಕ್ಕೆ ಹಾಕುತ್ತಿರುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಒಪಿಡಿ ಚೀಟಿ ಮಾಡಿಸಿ.

ಮುಂಜಾವು

ಎಲ್ಲರಿಗೂ ತುಂಬಾ ಧನ್ಯವಾದ. ಲೆಕ್ಕದ ಅಪ್ಪಾಜಿ, ನಿಮ್ಮನ್ನು ಹಾಗೆ ಕರೆಯಬೇಕೆನಿಸಿತು, ಮಾಹಿತಿ ಹಕ್ಕಿನ ಅರ್ಜಿ ಈ ವಾರವೇ ಹಾಕುತ್ತೇನೆ. ಸಿಸ್ಟರ್, ಗೆಳತಿಗೆ ಫೋನ್ ಮಾಡಿದೆ. ಕಾಲು ನೋವಿಲ್ಲ ಅಂದಳು. ಆಸ್ಪತ್ರೆಗೆ ಬರಲು ಒಪ್ಪಿದ್ದಾಳೆ, ಆದರೆ ಅವಳ ಹತ್ತಿರ ಟಿಜಿ ಪ್ರಮಾಣಪತ್ರವೂ ಇಲ್ಲ, ಹೊಸ ಹೆಸರಿನ ಆಧಾರ್ ಕೂಡ ಇಲ್ಲ. "ಕಾಗದ ಇಲ್ಲದವಳನ್ನು ಒಳಗೆ ಬಿಡುತ್ತಾರಾ" ಎಂದು ಕೇಳುತ್ತಾಳೆ. ಏನು ಹೇಳಲಿ?

ನೈಟ್_ಡ್ಯೂಟಿ

ಬಿಡುತ್ತಾರೆ ಎಂದು ಹೇಳಿ. ಪ್ರಮಾಣಪತ್ರ ಬೇಕಾಗುವುದು ವಿಮೆಗೆ, ಯೋಜನೆಯ ಹಣಕ್ಕೆ. ಒಪಿಡಿಯಲ್ಲಿ ತೋರಿಸಿಕೊಳ್ಳಲು, ರಕ್ತ ಪರೀಕ್ಷೆ ಮಾಡಿಸಲು ಅದು ಬೇಕಿಲ್ಲ. ಚೀಟಿ ಹಳೆಯ ಹೆಸರಿನಲ್ಲೇ ಆದರೂ ಆಗಲಿ, ಆಮೇಲೆ ಬದಲಾಯಿಸಬಹುದು. ಕೂಗುವ ಹೆಸರಿನ ಬಗ್ಗೆ ನೀವೇ ಮೊದಲು ಕೌಂಟರಿನಲ್ಲಿ ಮಾತಾಡಿಬಿಡಿ, ಅವರನ್ನು ಅಲ್ಲಿ ಒಬ್ಬರೇ ನಿಲ್ಲಿಸಬೇಡಿ. ಪ್ರಮಾಣಪತ್ರದ ಅರ್ಜಿ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಆನ್‌ಲೈನ್ ಹಾಕಬಹುದು. ಚುನಾವಣೆ ಘೋಷಣೆಯಾದರೆ ಜಿಲ್ಲಾಧಿಕಾರಿ ಕಚೇರಿಯವರೆಲ್ಲ ಆ ಕೆಲಸದಲ್ಲಿ ಮುಳುಗಿರುತ್ತಾರೆ, ಅದಕ್ಕೆ ಮುಂಚೆಯೇ ಹಾಕಿಸಿ.

ಬರುವಾಗ ಅವರು ನುಂಗುತ್ತಿರುವ ಮಾತ್ರೆಯ ಸ್ಟ್ರಿಪ್, ಖಾಲಿಯಾದದ್ದಾದರೂ ಸರಿ, ತರಲಿ. ದಿನಕ್ಕೆ ಎಷ್ಟು, ಯಾವಾಗಿನಿಂದ ಎಂಬುದನ್ನು ಒಂದು ಕಾಗದದಲ್ಲಿ ಬರೆದುಕೊಂಡು ಬಂದರೆ ಇನ್ನೂ ಒಳ್ಳೆಯದು.